ಹಿಮ್ಮಡಿಯ ಎರಡು ಸದ್ದು

ಬುಗುರಿ ಕುರ್ಚಿಯಲ್ಲಿ ಕೂರುವುದನ್ನು ನೋಡುವುದೇ ಚಿಕ್ಕವರಿದ್ದಾಗ ನಮಗೊಂದು ಆಟ. ಮನೆಗೆ ಬಂದವಳು ಕುರ್ಚಿಯ ಮುಂದೆ ನಿಂತು ಹಿಂದೆ ತಿರುಗಿ ಅದನ್ನು ನೋಡುವಳು. ಅದರ ಅಂಚನ್ನು ಕೈಯಿಂದ ಮುಟ್ಟುವಳು. ಮುಂದೆ ತಿರುಗಿ, ಮಂಡಿ ಬಗ್ಗಿಸಿ, ಇನ್ನೇನು ಕೂತಳು ಎನ್ನುವಾಗ ಮತ್ತೆ ಹಿಂದೆ ನೋಡುವಳು; ಅಷ್ಟರಲ್ಲಿ ಕುರ್ಚಿ ಎದ್ದು ಹೋಗಿದ್ದರೆ ಎನ್ನುವ ಹಾಗೆ. ಸಿನಿಮಾಗಳಲ್ಲೂ ಅವಳು ಕೂರುತ್ತಿದ್ದದ್ದು ಹೀಗೆಯೇ. ಅದಕ್ಕೆ ಊರಿಗೆ ಊರೇ ನಗುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ನಗುತ್ತಿದ್ದವರು ನಾವು ಮಕ್ಕಳಷ್ಟೇ. ಅಜ್ಜಿ ಏನೋ ನೆನಪಾದವಳಂತೆ ಒಳಗೆ ಹೋಗಿಬಿಡುತ್ತಿದ್ದಳು. ಅಜ್ಜನ ಮುಖ ಪತ್ರಿಕೆಯ ಹಿಂದೆ ಇರುತ್ತಿತ್ತು.

ಬುಗುರಿ ನನ್ನ ಅಜ್ಜಿಯ ತಂಗಿ. ಇಲ್ಲಿ ಅಕ್ಕ ಎಂದರೆ ನನ್ನ ಅಜ್ಜಿ, ಭಾವ ಎಂದರೆ ನನ್ನ ಅಜ್ಜ. ಕಥೆ ಬುಗುರಿಯದು, ಆದ್ದರಿಂದ ಅವರನ್ನು ಅವಳು ಕರೆದ ಹಾಗೆಯೇ ಕರೆಯುತ್ತೇನೆ.

ಅವರ ಅಪ್ಪ ಒಂದು ನಾಟಕ ಕಂಪನಿಯ ದರ್ಜಿ. ತಾಯಿಯಿಲ್ಲದ ಇಬ್ಬರು ಹೆಣ್ಣುಮಕ್ಕಳು ಉಡುಪಿನ ಪೆಟ್ಟಿಗೆಗಳ ನಡುವೆ ಬೆಳೆದರು. ರಾಜನ ಮೇಲಂಗಿ ಅವರ ಹೊದಿಕೆ, ಸೈನಿಕರ ಕೋಟುಗಳು ತಲೆದಿಂಬು. ಒಂದು ಊರಿನ ಬೀದಿಗಳ ಗುರುತು ಹಿಡಿಯುವಷ್ಟರಲ್ಲಿ ಪೆಟ್ಟಿಗೆಗಳು ಮುಚ್ಚಿ, ಹಗ್ಗ ಬಿಗಿದು, ಗಾಡಿ ಹತ್ತುತ್ತಿದ್ದವು. ಅಕ್ಕನಿಗೆ ಸೂಜಿ ಒಲಿಯಿತು. ತಂಗಿಗೆ ಒಂದು ಗುಂಡಿ ಹೊಲಿಯಲೂ ಬರಲಿಲ್ಲ. "ನೀನು ಗುಂಡಿ ಹಚ್ಚಿದ ಅಂಗಿ ಹಾಕ್ಕೊಂಡವನು ಅದರಲ್ಲೇ ಸಾಯ್ಬೇಕು ಕಣೇ, ಬಿಚ್ಚೋಕೆ ಬರಲ್ಲ" ಎಂದು ಅಪ್ಪ ಅವಳ ಕೈಯಿಂದ ದಾರ ಕಸಿದುಕೊಳ್ಳುತ್ತಿದ್ದ.

ಒಮ್ಮೆ ದರ್ಬಾರಿನ ದೃಶ್ಯ ನಡೆಯುತ್ತಿರುವಾಗ ರಾಜನ ಸೊಂಟಪಟ್ಟಿ ಬಿಚ್ಚಿಕೊಂಡಿತು. ಅಪ್ಪ ಸೈಡ್‌ವಿಂಗಿನಲ್ಲಿ ನಿಂತು ತಲೆ ತಲೆ ಚಚ್ಚಿಕೊಂಡ. ಅವಳು ಹಿಂದೆಮುಂದೆ ಯೋಚಿಸದೆ ಪಿನ್ನು ಹಿಡಿದು ನೇರ ರಂಗದ ಮೇಲೆ ಹೋದಳು. ಖಡ್ಗ ಎತ್ತಿ ನಿಂತಿದ್ದ ರಾಜನಿಗೆ, "ಸ್ವಲ್ಪ ತಿರುಗಿ, ಬೀಳ್ತಾ ಇದೆ" ಎಂದಳು. ರಾಜ ತಿರುಗಲೇಬೇಕಾಯಿತು. ಜನ ಹೋ ಎಂದು ನಕ್ಕರು. ಯಾಕೆ ನಗುತ್ತಿದ್ದಾರೆ ಎಂದು ಅವಳಿಗೆ ತಿಳಿಯಲಿಲ್ಲ. ತನ್ನ ಹಿಂದೆ ಏನೋ ಆಗುತ್ತಿದೆ ಎಂದುಕೊಂಡು ತಿರುಗಿ ನೋಡಿದಳು. ಏನೂ ಇರಲಿಲ್ಲ. ಇನ್ನೊಂದು ಕಡೆಯಿಂದ ತಿರುಗಿ ನೋಡಿದಳು. ನಗು ಹೆಚ್ಚಾಯಿತು. ತಿರುಗಿ ತಿರುಗಿ ತಲೆಸುತ್ತಿ ರಾಜನ ಕಾಲ ಬಳಿ ಕುಕ್ಕರಿಸಿದಳು. ಅಂದಿನಿಂದ ಅವಳು ಬುಗುರಿ.

ಕಂಪನಿಯಲ್ಲಿ ನಾಟಕ ಕಲಿಸುತ್ತಿದ್ದ ಮೇಷ್ಟ್ರು ಮರುದಿನವೇ ಅವಳನ್ನು ಕರೆಸಿದರು. ಹಾಸ್ಯದ ಹೆಂಗಸಿನ ಪಾತ್ರಗಳನ್ನು ಆಗ ಮಾಡುತ್ತಿದ್ದವನು ಮೀಸೆ ಬೋಳಿಸಿಕೊಂಡ ಒಬ್ಬ ದಪ್ಪ ನಟ. ಅವನು ಬಾಗಿಲಲ್ಲೇ ನಿಂತು, "ಹೆಂಗಸು ಅಂದ್ರೆ ಅಳಿಸ್ಬೇಕು ಮೇಷ್ಟ್ರೇ, ನಗಿಸೋದಲ್ಲ. ಮನೇಲಿ ನನ್ನ ಹೆಂಡ್ತೀನೇ ಸಾಕ್ಷಿ" ಎಂದ.

"ನಿನ್ನ ಹೆಂಡ್ತಿ ನಗಲ್ವೇನೋ?"

"ನನ್ನನ್ನ ನೋಡಿ ನಗ್ತಾಳೆ, ಅದು ಬೇರೆ."

"ಹಾಗಾದ್ರೆ ನಿನ್ನ ಮೀಸೆ ಬೆಳೆಸು. ಇವಳು ನೋಡ್ಕೋತಾಳೆ."

ಮೇಷ್ಟ್ರು ಅವಳಿಗೆ ಕಲಿಸಿದ್ದು ಬೀಳುವುದನ್ನು. ಅದೂ ಹಿಂದಕ್ಕೆ ಬೀಳುವುದನ್ನು. ಮಂಡಿ ಮಡಿಸದೆ, ಕೈ ಚಾಚದೆ, ಕಡಿದ ಮರದ ಹಾಗೆ. ಅವಳು ಹೆದರಿ ಹಿಂದೆ ನೋಡಿದಾಗಲೆಲ್ಲ ಬೆತ್ತದಿಂದ ನೆಲ ಕುಟ್ಟುತ್ತಿದ್ದರು. "ನೋಡಿ ಬಿದ್ರೆ ಅದು ಕೂತ ಹಾಗೆ, ಮಗಳೇ. ನೋಡದೆ ಬಿದ್ರೆ ಮಾತ್ರ ಜನ ನಗ್ತಾರೆ. ಹಿಡಿಯೋನು ಹಿಂದೆ ಇದ್ದಾನೆ ಅಂತ ನಂಬೋದೇ ನಿನ್ನ ಕೆಲಸ. ಮಿಕ್ಕಿದ್ದು ಅವನ ಕೆಲಸ."

ಹಿಡಿಯುವವನು ಬಂದಿದ್ದಾನೆ ಎಂದು ತಿಳಿಯುವುದು ಹೇಗೆ? ಅದಕ್ಕೆ ಆ ಕಂಪನಿಯಲ್ಲಿ ಒಂದು ರೂಢಿಯಿತ್ತು. ಹಿಡಿಯುವವನು ತನ್ನ ಜಾಗಕ್ಕೆ ಬಂದು ನಿಂತ ಮೇಲೆ ಬಲಗಾಲ ಹಿಮ್ಮಡಿಯನ್ನು ಹಲಗೆಗೆ ಎರಡು ಸಲ ಕುಟ್ಟಬೇಕು. ಟಕ್, ಟಕ್. ನಾನಿದ್ದೇನೆ, ಬೀಳು ಎಂದು ಅದರ ಅರ್ಥ. ಆ ಸದ್ದು ಜನರಿಗೆ ಕೇಳುತ್ತಿರಲಿಲ್ಲ, ಕೇಳಿದರೂ ಅವರಿಗದು ಬರೀ ಬೂಟಿನ ಸದ್ದು. ಜಗಳವಾಡಿ ಮಾತು ಬಿಟ್ಟವರೂ ಅದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

ಅವಳಿಗೆ ಹಿಮ್ಮಡಿ ಕುಟ್ಟಲು ಸಿಕ್ಕವನೇ ಭಾವ. ಮೊದಲು ಅವನು ಕಂಪನಿಯಲ್ಲಿ ಬಾಗಿಲು ಕಾಯುತ್ತಿದ್ದ. ತೆಳ್ಳಗೆ ಎತ್ತರದ ಆಳು. ಎಂಥ ತಮಾಷೆಗೂ ತುಟಿ ಅಲುಗದ ಮುಖ. ಎಲ್ಲರೂ ಅವನನ್ನು ಕಂಬ ಎನ್ನುತ್ತಿದ್ದರು. ಹರಿದ ತೋಳು ಹೊಲಿಸಿಕೊಳ್ಳಲು ಅಕ್ಕನ ಬಳಿ ಬರುತ್ತಿದ್ದವನು, ಹರಿಯದ ತೋಳನ್ನೂ ತರಲು ಶುರುಮಾಡಿದ ಮೇಲೆ ಅಪ್ಪ ಇಬ್ಬರಿಗೂ ಮದುವೆ ಮಾಡಿದ. ನಗದ ಆ ಮುಖದ ಪಕ್ಕ ಬುಗುರಿಯನ್ನು ನಿಲ್ಲಿಸಿದರೆ ಹೇಗಿರುತ್ತದೆ ಎಂದು ಮೇಷ್ಟ್ರಿಗೆ ಹೊಳೆಯಿತು. ಹಾಗೆ ಹುಟ್ಟಿತು ಕಂಬ–ಬುಗುರಿ ಜೋಡಿ. ರಂಗದ ಮೇಲೆ ಇಬ್ಬರೂ ಗಂಡ ಹೆಂಡತಿ. ಅಕ್ಕ ಸೈಡ್‌ವಿಂಗಿನಲ್ಲಿ ಕೂತು ಏನಾದರೂ ಹೊಲಿಯುತ್ತ, "ಹೋಗು, ನನ್ನ ಗಂಡನ್ನ ಕರ್ಕೊಂಡು ಹೋಗು. ಸುಕ್ಕಾಗದ ಹಾಗೆ ವಾಪಸ್ ತಂದುಕೊಡು" ಎನ್ನುತ್ತಿದ್ದಳು.

"ಇಸ್ತ್ರಿ ಮಾಡಿ ತಂದ್ಕೊಡ್ತೀನಿ ಬಿಡಕ್ಕ."

ಅವರ ಹೆಸರುವಾಸಿ ದೃಶ್ಯ ಒಂದು ಜಗಳ. ಇಡೀ ದೃಶ್ಯದಲ್ಲಿ ಹೆಂಡತಿಗೆ ಬೇಕಾದದ್ದು ಇಷ್ಟೇ: ತಪ್ಪು ನನ್ನದು ಎಂದು ಗಂಡ ಒಂದು ಸಲ ಹೇಳಬೇಕು. ಅವನು ಬೆಕ್ಕಿನ ಮೇಲೆ ಹಾಕುತ್ತಾನೆ, ಗಾಳಿಯ ಮೇಲೆ ಹಾಕುತ್ತಾನೆ, ಸತ್ತ ಸೋದರಮಾವನ ಮೇಲೂ ಹಾಕುತ್ತಾನೆ. ಕೊನೆಗೆ ಅವಳು ಕೈಕಟ್ಟಿ, ಅವನಿಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ನಿಲ್ಲುತ್ತಾಳೆ. ಹಿಂದಿನಿಂದ ಅವನು ತಣ್ಣಗೆ, "ತಪ್ಪು ನಂದೇ" ಎನ್ನುತ್ತಾನೆ. ಹೆಂಡತಿ ನಂಬಲಾರದೆ ಕಣ್ಣು ಮುಚ್ಚಿ ಬುಗುರಿಯಂತೆ ಒಂದು ಸುತ್ತು ಸುತ್ತುತ್ತಾಳೆ, ಟಕ್, ಟಕ್, ನೆಟ್ಟಗೆ ಹಿಂದಕ್ಕೆ ಉರುಳುತ್ತಾಳೆ. ಅವಳ ತಲೆ ನೆಲಕ್ಕೆ ಇನ್ನು ಗೇಣು ದೂರವಿದೆ ಎನ್ನುವಾಗ ಕಂಬ ಬಾಗಿ ಎರಡು ಕೈಗಳಲ್ಲಿ ಹಿಡಿಯುತ್ತಾನೆ, ಮುಖದಲ್ಲಿ ಗೆರೆಯೂ ಅಲುಗದೆ. ಎಷ್ಟೋ ಊರುಗಳಲ್ಲಿ, ಎಷ್ಟೋ ವರ್ಷ, ಆ ಎರಡು ಕೈ ಒಮ್ಮೆಯೂ ತಡವಾಗಿರಲಿಲ್ಲ. ನಿದ್ದೆಯಲ್ಲಿ ತಾನು ಮಂಚದಿಂದ ಬಿದ್ದರೂ ಹೆದರುವುದಿಲ್ಲ, ಭಾವ ಹಿಡಿಯುತ್ತಾರೆ ಎಂದು ಅವಳು ಹೇಳಿಕೊಂಡು ನಗುತ್ತಿದ್ದಳು.

ಆಮೇಲೆ ಮಾತನಾಡುವ ಸಿನಿಮಾ ಬಂತು. ನಾಟಕದ ಬೆಂಚುಗಳು ಹಿಂದಿನಿಂದ ಖಾಲಿಯಾಗುತ್ತ ಬಂದವು. ಅಪ್ಪ ತೀರಿಕೊಂಡಿದ್ದ. ಅಕ್ಕ ಎರಡು ಸಲ ಬಸುರಾಗಿ, ಎರಡೂ ಸಲ ಪ್ರಯಾಣದಲ್ಲೇ ಕಳೆದುಕೊಂಡಿದ್ದಳು. ಮೂರನೆಯದು ಹೊಟ್ಟೆಯಲ್ಲಿದ್ದಾಗ ಸಿನಿಮಾದ ನಿರ್ದೇಶಕರೊಬ್ಬರು ಕಂಬ–ಬುಗುರಿಯ ಜಗಳ ನೋಡಿ ಇಬ್ಬರನ್ನೂ ಕರೆಸಿಕೊಂಡರು. ಕಂಪನಿ ಬಿಟ್ಟು ಮೂವರೂ ಸ್ಟುಡಿಯೋದ ಹಿಂದಿನ ಬೀದಿಯಲ್ಲಿ ಒಂದೇ ಕೋಣೆ ಹಿಡಿದರು.

ಆ ಸ್ಟುಡಿಯೋ ಮೊದಲು ಹಗ್ಗದ ಗೋದಾಮಾಗಿತ್ತು. ಗೋಡೆಗೆಲ್ಲ ಕಂಬಳಿ ಹೊದಿಸಿದ್ದರು. ದೀಪಗಳ ಕಾವಿಗೆ ಮುಖದ ಬಣ್ಣ ಬೆಣ್ಣೆಯಂತೆ ಜಾರುತ್ತಿತ್ತು. ಆದರೂ ಮೈಕು ಇದೆ ಎಂದು ಫ್ಯಾನು ಹಾಕುವಂತಿಲ್ಲ, ಕೆಮ್ಮುವಂತಿಲ್ಲ, ನಗುವಂತಿಲ್ಲ. ಸದ್ದು ಹಿಡಿಯುವವನು ಪ್ರತಿಯೊಬ್ಬರ ಬೂಟಿನ ತಳಕ್ಕೂ ದಪ್ಪ ಉಣ್ಣೆಬಟ್ಟೆ ಅಂಟಿಸಿದ. ಎಲ್ಲರೂ ಬೆಕ್ಕುಗಳ ಹಾಗೆ ಓಡಾಡಿದರು.

ಮೊದಲ ದಿನ ಬುಗುರಿ ಒಂದು ಮಾತು ಹೇಳಿ ಸುಮ್ಮನೆ ನಿಂತಳು.

"ಯಾಕಮ್ಮಾ ನಿಂತ್ರಿ?" ನಿರ್ದೇಶಕರು ಕೇಳಿದರು.

"ನಗು ಮುಗೀಲಿ ಅಂತ."

"ಯಾರ ನಗು?"

ಅವಳು ಸುತ್ತ ನೋಡಿದಳು. ತುಟಿ ಬಿಗಿದುಕೊಂಡ ಕೆಲಸದವರು, ಕಂಬಳಿ, ದೀಪ. "ಹೌದಲ್ಲ" ಎಂದಳು. ಆ ದಿನ ಕೋಣೆಗೆ ಬಂದು ಅಕ್ಕನಿಗೆ, "ಸತ್ತವರ ಮನೇಲಿ ತಮಾಷೆ ಮಾಡಿದ ಹಾಗಿತ್ತು ಕಣೇ" ಎಂದಳು.

ಜಗಳದ ದೃಶ್ಯವನ್ನು ಎರಡು ಮೂರು ಸಲ ತೆಗೆದರು. ಪ್ರತಿ ಸಲವೂ ಭಾವ ಹಿಡಿದ. ಬಟ್ಟೆ ಅಂಟಿಸಿದ ಹಿಮ್ಮಡಿಯ ಸದ್ದು ಮಂದವಾಗಿ, ದಿಂಬಿಗೆ ಗುದ್ದಿದಂತೆ ಕೇಳುತ್ತಿತ್ತು; ಅವಳು ಕಿವಿಗೊಟ್ಟು ಬೀಳುತ್ತಿದ್ದಳು. ನಿರ್ದೇಶಕರಿಗೆ ಹಿಡಿಸಲಿಲ್ಲ. "ಇದು ನಾಟಕ" ಎಂದರು, ಬೈಗುಳದ ಹಾಗೆ. ಸಂಜೆ ಬಾಗಿಲ ಬಳಿ ಅವರೂ ಭಾವನೂ ಬೀಡಿ ಸೇದುತ್ತ ಮಾತನಾಡುತ್ತಿದ್ದರು. ಅವಳು ಹತ್ತಿರ ಹೋದಾಗ ಇಬ್ಬರೂ ಸುಮ್ಮನಾದರು. "ಏನ್ ಭಾವ, ನನ್ನ ಚಾಡಿನಾ?" ಎಂದಳು. "ನಿಂದೇ. ಇನ್ಯಾರದು?" ಎಂದ ಭಾವ, ಯಾವತ್ತಿನ ಅದೇ ಮುಖದಲ್ಲಿ. ಅವಳು ನಕ್ಕಳು.

ಮರುದಿನ ಬೆಳಿಗ್ಗೆ ಅಕ್ಕ ಅವಳ ಕೋಟನ್ನು ಮತ್ತೆ ತೊಡಿಸಿ, ಬೆನ್ನಿನ ಒಳಗೆ ಹತ್ತಿ ತುಂಬಿ ಹೊಲಿಯತೊಡಗಿದಳು.

"ಏನಕ್ಕ ಇದು, ಕೋಟೋ ಹಾಸಿಗೆಯೋ?"

"ಕ್ಯಾಮರಾದಲ್ಲಿ ಬೆನ್ನು ಚಪ್ಪಟೆ ಕಾಣುತ್ತಂತೆ."

"ಬೆನ್ನು ಚಪ್ಪಟೆ ಇರದೆ ಗೋಲಿ ಹಾಗಿರುತ್ತಾ? ಅಯ್ಯೋ, ಚುಚ್ಚಿದೆ!"

ಅಕ್ಕ ಇನ್ನೊಂದು ಹಿಡಿ ಹತ್ತಿ ತುಂಬಿದಳು. ಕೊನೆಯ ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿಯಲು ಬಾಗಿದವಳು, ಕಡಿದ ಮೇಲೂ ತಂಗಿಯ ಬೆನ್ನಿಗೆ ಹಣೆಯಿಟ್ಟು ಸ್ವಲ್ಪ ಹೊತ್ತು ಹಾಗೆಯೇ ಇದ್ದಳು. ಬಸುರಿ ಹೆಂಗಸು, ತಲೆ ಸುತ್ತಿರಬೇಕು ಎಂದು ಬುಗುರಿ ಅಲುಗದೆ ನಿಂತಳು.

ಸೆಟ್ಟಿನಲ್ಲಿ ಅಂದು ಕ್ಯಾಮರಾ ಮೊಣಕಾಲಿನ ಮಟ್ಟಕ್ಕಿಂತ ಕೆಳಗೆ, ಹೆಚ್ಚುಕಡಿಮೆ ನೆಲದ ಮೇಲೆ ಕೂತಿತ್ತು. "ಇದ್ಯಾಕೆ ಇಷ್ಟು ಕೆಳಗೆ?" ಎಂದು ಅವಳು ಕೇಳಿದಳು. "ನಿಮ್ಮ ಹೊಸ ಬೂಟು ಕಾಣ್ಲಿ ಅಂತ" ಎಂದ ಕ್ಯಾಮರಾದವನು. ಅವಳು ಕಾಲು ಮುಂದೆ ಚಾಚಿ ಬೂಟು ತೋರಿಸಿ ವಂದಿಸಿದಳು. ನಗುವಂತಿಲ್ಲದ ಜನ ತುಟಿ ಕಚ್ಚಿಕೊಂಡರು.

ಜಗಳ ಶುರುವಾಯಿತು. ಬೆಕ್ಕು, ಗಾಳಿ, ಸೋದರಮಾವ. ಅವಳು ಬೆನ್ನು ತಿರುಗಿಸಿದಳು. "ತಪ್ಪು ನಂದೇ." ಕಣ್ಣು ಮುಚ್ಚಿ ಒಂದು ಸುತ್ತು ಸುತ್ತಿದಳು. ಟಕ್, ಟಕ್. ಸ್ಪಷ್ಟವಾಗಿ ಕೇಳಿತು, ಹಳೆಯ ಹಲಗೆಯ ರಂಗದ ಮೇಲೆ ಕೇಳುತ್ತಿದ್ದ ಹಾಗೆ. ಕಿವಿಗೊಡುವ ಅಗತ್ಯವೇ ಇರಲಿಲ್ಲ. ಅವಳು ನೆಟ್ಟಗೆ ಹಿಂದಕ್ಕೆ ಬಿದ್ದಳು.

ಕೈಗಳು ಇರಬೇಕಾದ ಎತ್ತರ ದಾಟಿದ್ದು ಗೊತ್ತಾಯಿತು ಎಂದು ಅವಳು ಹೇಳುತ್ತಿದ್ದಳು. ಮೆಟ್ಟಿಲು ಇದೆ ಎಂದು ಕಾಲಿಟ್ಟಾಗ ಮೆಟ್ಟಿಲು ಇಲ್ಲದಿದ್ದರೆ ಹೇಗೋ ಹಾಗೆ. ಆಮೇಲೆ ನೆಲ.

ಹತ್ತಿ ಬೆನ್ನನ್ನು ಉಳಿಸಿತು. ಸೊಂಟದ ಮೂಳೆ ಉಳಿಯಲಿಲ್ಲ.

ಅವಳು ತಿಂಗಳುಗಟ್ಟಲೆ ಮಲಗಿದ್ದಳು. ಭಾವ ಮೊದಲ ದಿನವೇ ಎಲ್ಲರೆದುರು ಹೇಳಿದ: ತಾನು ಇನ್ನೂ ಜಾಗಕ್ಕೆ ಬಂದಿರಲಿಲ್ಲ, ಹಿಮ್ಮಡಿ ಕುಟ್ಟಿರಲಿಲ್ಲ, ಅವಳು ಅವಸರಪಟ್ಟು ಬಿದ್ದಳು.

"ಕುಟ್ಟಿದ್ರಿ ಭಾವ. ಕೇಳಿಸ್ತು ನಂಗೆ. ಚೆನ್ನಾಗಿ ಕೇಳಿಸ್ತು."

"ಅದೇ ನೋಡು" ಎಂದ ಭಾವ ಮೆಲ್ಲಗೆ, ರೋಗಿಯ ಹತ್ತಿರ ಮಾತನಾಡುವ ದನಿಯಲ್ಲಿ. "ಕಾಲಿಗೆ ಇಷ್ಟು ದಪ್ಪ ಬಟ್ಟೆ ಅಂಟಿಸಿದಾರೆ. ಚೆನ್ನಾಗಿ ಹೇಗೆ ಕೇಳಿಸುತ್ತೆ? ವರ್ಷಗಟ್ಟಲೆ ಕೇಳಿದ ಕಿವಿ. ಅದೇ ಹುಟ್ಟಿಸ್ಕೊಂಡಿದೆ."

ಅದು ಸರಿಯೆನಿಸುವ ಮಾತೇ ಆಗಿತ್ತು. ಬಟ್ಟೆ ಅಂಟಿಸಿದ್ದನ್ನು ಅವಳೂ ನೋಡಿದ್ದಳು. ಆ ಸದ್ದು ಅಷ್ಟು ಸ್ಪಷ್ಟವಾಗಿ ಕೇಳಿದ್ದೇ ಅವಳ ವಿರುದ್ಧ ಸಾಕ್ಷಿಯಾಯಿತು. ಹಳೆಯ ಕಂಪನಿಗೂ ಸುದ್ದಿ ಹೋಯಿತು. ಬುಗುರಿಯ ಲೆಕ್ಕ ತಪ್ಪಿತಂತೆ, ಇಲ್ಲದ ಸದ್ದಿಗೆ ಬಿದ್ದಳಂತೆ. ಮೀಸೆ ಬೆಳೆಸಿದ ದಪ್ಪ ನಟ, "ನಾನು ಆಗ್ಲೇ ಹೇಳಿರ್ಲಿಲ್ವಾ?" ಎಂದನಂತೆ. ಮೂಳೆಯ ನೋವಿಗಿಂತ ಅವಳನ್ನು ತಿಂದದ್ದು ಇದು. ಹಾಡು ಬರದು, ಚೆಲುವಿಲ್ಲ, ಸೂಜಿ ಹಿಡಿಯಲಾರಳು. ಯಾವ ಗಳಿಗೆಗೆ ಬೀಳಬೇಕು ಎಂಬುದೊಂದೇ ಅವಳು ಬಲ್ಲ ವಿದ್ಯೆ. ಅದೇ ಸುಳ್ಳಾದರೆ ಅವಳಲ್ಲಿ ಇನ್ನೇನಿತ್ತು? ಮಲಗಿದಲ್ಲೇ ಆ ಎರಡು ಸದ್ದನ್ನು ಮತ್ತೆ ಮತ್ತೆ ನೆನೆಯುತ್ತಿದ್ದಳು. ನೆನೆದಷ್ಟೂ ಅವು ಯಾವ ದಿನದ ಸದ್ದುಗಳೆಂದು ಬೇರೆ ಮಾಡಲಾಗದೆ ಹೋಯಿತು.

ಕೊನೆಗೆ ಒಂದು ಬೆಳಿಗ್ಗೆ ಭಾವನನ್ನು ಕರೆದು, "ನನ್ನಿಂದ ತಪ್ಪಾಯ್ತು ಭಾವ. ನಿಮಗೂ ಕೆಟ್ಟ ಹೆಸರು ತಂದೆ" ಎಂದಳು.

ಭಾವ ಹೊರಡುವ ಅವಸರದಲ್ಲಿದ್ದ. ಮುಂದಿನ ಚಿತ್ರದಲ್ಲಿ ಅವನೇ ಮುಖ್ಯ ಪಾತ್ರ. "ಇರ್ಲಿ ಬಿಡು" ಎಂದ.

ಅಕ್ಕ ಅವಳ ಸೇವೆಯನ್ನು ಮಗುವಿನ ಸೇವೆಯ ಹಾಗೆ ಮಾಡಿದಳು. ಮೈ ಒರೆಸಿದಳು, ಗಂಜಿ ಕುಡಿಸಿದಳು. ಒಂದು ವಿಷಯ ಮಾತ್ರ ಬುಗುರಿಗೆ ಎಷ್ಟೋ ಕಾಲದ ಮೇಲೆ ಹೊಳೆಯಿತು: ಮಾತನಾಡುವಾಗ ಅಕ್ಕ ಎದುರಿಗೆ ಕೂರುತ್ತಿರಲಿಲ್ಲ. ತಲೆ ಬಾಚುವ ನೆಪದಲ್ಲಿ ಹಿಂದೆ ಕೂರುತ್ತಿದ್ದಳು. ಬಾಚಿದ ತಲೆಯನ್ನೇ ಮತ್ತೆ ಬಾಚುತ್ತಿದ್ದಳು.

ಸಿನಿಮಾ ಬಿಡುಗಡೆಯಾಯಿತು. ಅದರ ಸುದ್ದಿ ಕಿಟಕಿಯಿಂದಲೇ ಒಳಗೆ ಬಂತು. ಬೀದಿಯ ಹುಡುಗಿಯರು ಒಬ್ಬಳು ಬಿದ್ದಂತೆ ಮಾಡಿ ಇನ್ನೊಬ್ಬಳು ಕೈ ಚಾಚದೆ ನಿಂತು, ಬಿದ್ದು ಬಿದ್ದು ನಗುತ್ತಿದ್ದರು. "ನೋಡಿ ಬರ್ತೀನಿ" ಎಂದಳು ಬುಗುರಿ. "ಬೇಡ. ಕಾಲಿಗೆ ಆಯಾಸ" ಎಂದಳು ಅಕ್ಕ. "ಕಾಲು ನಂದು, ಬೀಳೋದೂ ನಂದೇ" ಎಂದು ಕೋಲು ಹಿಡಿದು ಮಧ್ಯಾಹ್ನದ ಆಟಕ್ಕೆ ಒಬ್ಬಳೇ ಹೋದಳು.

ಬಣ್ಣವಿಲ್ಲದ ಅವಳ ಮುಖವನ್ನು ಯಾರೂ ಗುರುತಿಸಲಿಲ್ಲ. ಹಿಂದಿನ ಬೆಂಚಿನ ತುದಿಯಲ್ಲಿ ಕೂತಳು. ಪರದೆಯ ಮೇಲೆ ತಾನೂ ಭಾವನೂ ಮನೆಯಷ್ಟು ಎತ್ತರ. ಓಡಾಡುವ ಯಾರ ಕಾಲಿಗೂ ಸದ್ದಿರಲಿಲ್ಲ. ನೌಕರ ಬರುತ್ತಾನೆ, ನೆರೆಯವಳು ಓಡುತ್ತಾಳೆ, ಎಲ್ಲರೂ ನೆಲಕ್ಕೆ ತಾಗದ ದೆವ್ವಗಳ ಹಾಗೆ. ಜಗಳ ಬಂತು. ಜನ ನಗತೊಡಗಿದರು. ತಾನು ಬೆನ್ನು ತಿರುಗಿಸಿ ಕೈ ಕಟ್ಟಿದ್ದನ್ನು ಅವಳು ನೋಡಿದಳು.

"ತಪ್ಪು ನಂದೇ."

ಟಕ್, ಟಕ್.

ಇಡೀ ಸಿನಿಮಾದಲ್ಲಿ ಯಾರ ಕಾಲಿಗೂ ಇಲ್ಲದ ಸದ್ದು. ಹಾಲಿನ ಆ ತುದಿಯವರೆಗೂ ಕೇಳುವ ಹಾಗೆ, ಬಾಗಿಲು ತಟ್ಟಿದ ಹಾಗೆ. ಆಗಿನ ಸಿನಿಮಾದಲ್ಲಿ ಸದ್ದುಗಳನ್ನು ಬೇರೆ ಬೇರೆ ಮಾಡಲು ಬರುತ್ತಿರಲಿಲ್ಲ. ಅದನ್ನು ತೆಗೆದರೆ ಅವಳು ಬಿದ್ದ ಸದ್ದೂ ಹೋಗುತ್ತಿತ್ತು. ಬಿದ್ದ ಸದ್ದು ಅವರಿಗೆ ಬೇಕಿತ್ತು.

ಮರುಕ್ಷಣ ಪರದೆ ತುಂಬ ಅವಳ ಮುಖ, ನೆಲದ ಮೇಲೆ, ಕ್ಯಾಮರಾದ ಕಣ್ಣಿಗೆ ನೇರವಾಗಿ. ಅದು ಬೂಟಿಗಾಗಿ ಕೆಳಗೆ ಕೂತಿರಲಿಲ್ಲ, ಈ ಮುಖಕ್ಕಾಗಿ ಕಾದು ಕೂತಿತ್ತು. ಮುಖದಲ್ಲಿ ನೋವು ಇನ್ನೂ ಬಂದಿರಲಿಲ್ಲ. ಕಣ್ಣುಗಳು ಮಾತ್ರ ಅತ್ತ ಇತ್ತ ಹುಡುಕುತ್ತಿದ್ದವು. ಭಾವನಿಗೇನಾಯಿತು, ಅವನೂ ಬಿದ್ದನೇ ಎಂದು ಹುಡುಕುತ್ತಿದ್ದದ್ದು ಅವಳಿಗೆ ನೆನಪಾಯಿತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪಕ್ಕದ ಹೆಂಗಸು ಅವಳ ತೋಳನ್ನೇ ಹಿಡಿದು, "ಅವಳ ಮುಖ ನೋಡ್ರೀ, ಅವಳ ಮುಖ!" ಎಂದು ಕಣ್ಣೊರೆಸಿಕೊಂಡಳು.

ಅಷ್ಟು ಉದ್ದದ ನಗು ತನಗೆ ಯಾವ ರಂಗದ ಮೇಲೂ ಸಿಕ್ಕಿರಲಿಲ್ಲ ಎಂಬುದು ಆ ಹೊತ್ತಿನಲ್ಲೂ ಅವಳಿಗೆ ತಿಳಿಯಿತು. ಅದು ಕಸುಬಿನ ಕಿವಿ.

ಆಟ ಮುಗಿದ ಮೇಲೆ ಎದ್ದು ಹೋಗಲಿಲ್ಲ. ಮುಂದಿನ ಆಟಕ್ಕೂ ಕೂತಳು. ಮತ್ತೆ ಟಕ್, ಟಕ್. ಮನುಷ್ಯರ ಬಳಿ ಎರಡನೆಯ ಸಲ ಕೇಳಿದರೆ ಮಾತು ಬದಲಾಗುತ್ತದೆ; ಸಿನಿಮಾ ಎಷ್ಟು ಸಲ ಕೇಳಿದರೂ ಅದನ್ನೇ ಹೇಳುತ್ತದೆ. ಅಂದರೆ ಭಾವ ಹಿಮ್ಮಡಿ ಕುಟ್ಟಿದ್ದ. ಬರೀ ಕುಟ್ಟಿದ್ದಲ್ಲ, ಅವಳಿಗೆ ಅನುಮಾನಕ್ಕೆ ಎಡೆಯಿಲ್ಲದಂತೆ ಕೇಳಲಿ ಎಂದು ತಳದ ಬಟ್ಟೆಯನ್ನು ಕಿತ್ತು ಕುಟ್ಟಿದ್ದ. ಕುಟ್ಟಿ, ಪಕ್ಕಕ್ಕೆ ಸರಿದಿದ್ದ.

ಅವಳು ಬಂದಾಗ ಅಕ್ಕ ಹೊಲಿಗೆ ಯಂತ್ರದ ಮುಂದಿದ್ದಳು. ಭಾವ ಮನೆಯಲ್ಲಿರಲಿಲ್ಲ. ಆಗಲೇ ಅವರು ಕೋಣೆ ಬಿಟ್ಟು, ಸಿನಿಮಾದವರು ಕೊಟ್ಟ ಮನೆಗೆ ಬಂದಿದ್ದರು; ಬೀದಿಗೆ ತೆರೆಯುವ ದೊಡ್ಡ ಕಿಟಕಿ, ಗಾಡಿ ಹತ್ತಬೇಕಿಲ್ಲದ ಬೀರು, ಮೂಲೆಯಲ್ಲಿ ಒಂದು ತೊಟ್ಟಿಲು. ತೊಟ್ಟಿಲಲ್ಲಿ ನನ್ನ ತಾಯಿ.

ಬುಗುರಿಗೆ ದಾರಿಯುದ್ದಕ್ಕೂ ಒಂದೇ ಆತುರ: ಅಕ್ಕನಿಗೆ ಹೇಳಬೇಕು. ಅಪ್ಪನಿಲ್ಲದ ಮೇಲೆ ತನ್ನವಳು ಎಂದು ಇರುವವಳು ಅವಳೊಬ್ಬಳೇ. ಗಂಡ ಮಾಡಿದ್ದನ್ನು ಕೇಳಿ ಎದೆಯೊಡೆದುಕೊಂಡಾಳು ಎಂಬ ಕನಿಕರವೂ ಇತ್ತು.

"ಅಕ್ಕ, ಭಾವ ಕುಟ್ಟಿದ್ರು ಕಣೇ. ಸಿನಿಮಾದಲ್ಲಿ ಇದೆ. ಎರಡು ಸಲ ಕೂತು ಕೇಳಿದೆ. ನನ್ನ ಕಿವಿದು ತಪ್ಪಲ್ಲ."

ಯಂತ್ರ ನಿಂತಿತು. ಅಕ್ಕ ತಲೆ ಎತ್ತಲಿಲ್ಲ. ಸೂಜಿಯ ಕೆಳಗಿದ್ದ ಬಟ್ಟೆಯನ್ನು ಬೆರಳಿನಿಂದ ಸವರಿ ನೇರ ಮಾಡಿದಳು. ಆಮೇಲೆ ಹೇಳಿದಳು:

"ಹತ್ತಿ ಇನ್ನೊಂದು ಪದರ ಹಾಕ್ಬೇಕಿತ್ತು."

ಬುಗುರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ನಿಂಗೆ ಗೊತ್ತಿತ್ತಾ?"

"ಮೆತ್ತಗೆ ಬೀಳ್ತೀಯ ಅಂದ್ಕೊಂಡೆ. ಅಷ್ಟು ದಪ್ಪ ಹಾಕಿದ್ದೆ."

"ಒಂದು ಮಾತು ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನಿನ್ನ ಮುಖಕ್ಕೆ ಗೊತ್ತಾಗಿಬಿಡುತ್ತೆ ಅಂದ್ರಂತೆ ನಿರ್ದೇಶಕರು. ಮುಖ ಸರಿಯಾಗಿ ಬರ್ಲಿಲ್ಲ ಅಂದ್ರೆ ಸಿನಿಮಾ ಇಲ್ಲ, ಮೂರೂ ಜನ ವಾಪಸ್ ಗಾಡಿ ಹತ್ತಿ ಅಂದ್ರು." ಅಕ್ಕನ ದನಿ ಬಟ್ಟೆಯ ಕಡೆಗೇ ಇತ್ತು. "ಮತ್ತೆ ಪೆಟ್ಟಿಗೆ ಮೇಲೆ ಮಲಗಿ ಇದನ್ನೂ ಕಳ್ಕೊಳ್ಳೋ ಶಕ್ತಿ ಇರ್ಲಿಲ್ಲ ನಂಗೆ."

ತೊಟ್ಟಿಲಲ್ಲಿ ಮಗು ಅಲುಗಿತು. ಬುಗುರಿ ಅದರ ಕಡೆ ನೋಡಿದಳು. ಬೈಯಲು ಬಂದ ಮಾತುಗಳಿಗೆಲ್ಲ ಆ ಮಗು ಅಡ್ಡ ಬಂತು ಎಂದು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದಳು. "ನಿಮ್ಮಮ್ಮನ ಮುಖ ನೋಡಿದ್ರೆ ಯಾರಿಗೆ ಬೈಯೋಕಾಗುತ್ತೆ? ಅದಕ್ಕೇ ಬೈಯ್ದೇನೇ ಹೋದೆ. ಬೈದಿದ್ರೆ ಚೆನ್ನಾಗಿತ್ತು."

ಅದೇ ವಾರ ಬೇರೆ ಕೋಣೆ ಹಿಡಿದಳು. ಹೋಗುವಾಗ ಅಕ್ಕ ಬಾಗಿಲಿಗೆ ಬರಲಿಲ್ಲ. ಹೊಲಿಗೆ ಯಂತ್ರದ ಸದ್ದು ಮಾತ್ರ ಬೀದಿಯ ತಿರುವಿನವರೆಗೂ ಕೇಳುತ್ತಿತ್ತಂತೆ, ಹೊಲಿಯಲು ಬಟ್ಟೆಯಿದೆಯೋ ಇಲ್ಲವೋ.

ಒಬ್ಬರನ್ನು ಮಾತ್ರ ಅವಳು ಆ ಸಿನಿಮಾಕ್ಕೆ ಕರೆದುಕೊಂಡು ಹೋದಳು: ಮೇಷ್ಟ್ರನ್ನು. ಅವರ ಕಣ್ಣು ಮಬ್ಬಾಗಿತ್ತು. ಕಣ್ಣು ಮುಚ್ಚಿಯೇ ಕೂತಿದ್ದರು. ಆ ಜಾಗ ಬಂದಾಗ ಅವರ ಬೆತ್ತ ಒಮ್ಮೆ ಅದುರಿತು. ಹೊರಗೆ ಬಂದ ಮೇಲೆ, "ನೀನು ಸರಿಯಾಗೇ ಬಿದ್ದಿದ್ದೀಯ, ಮಗಳೇ" ಎಂದರು. ಅಷ್ಟಕ್ಕಾಗಿಯೇ ಅವಳು ಅವರನ್ನು ಕರೆತಂದಿದ್ದಳು. ಆದರೆ ಹೇಳಿಸಿಕೊಂಡ ಮೇಲೆ, ಸರಿಯಾಗಿ ಬಿದ್ದದ್ದಕ್ಕಿಂತ ಲೆಕ್ಕ ತಪ್ಪಿ ಬಿದ್ದಿದ್ದರೇ ಎಷ್ಟೋ ಮೇಲಿತ್ತು ಎನಿಸಿತಂತೆ. ಆಗ ಅಕ್ಕನಾದರೂ ಉಳಿಯುತ್ತಿದ್ದಳು.

ಸ್ಟುಡಿಯೋಗಳು ಅವಳನ್ನು ಕರೆದದ್ದು ಬೀಳುವುದಕ್ಕೇ. ಅವಳು ಒಪ್ಪಲಿಲ್ಲ. ಮನೆಯೊಡತಿ, ದಾದಿ, ಗಂಟುಮುಖದ ಅತ್ತೆ, ಇಂಥ ಚೂರುಪಾರು ಪಾತ್ರಗಳನ್ನು ಒಪ್ಪಿಕೊಂಡಳು. ಮೊದಲ ದಿನ ಒಂದು ಕುರ್ಚಿಯಲ್ಲಿ ಕೂತು ಚಹಾ ಕುಡಿಯಬೇಕಿತ್ತು. ಹಿಂದೆ ಯಾರೋ ಕುರ್ಚಿ ತಂದಿಟ್ಟರು. ಅವಳಿಗೆ ಕೂರಲು ಆಗಲಿಲ್ಲ. ತಿರುಗಿ ನೋಡಿದಳು. ಮುಟ್ಟಿದಳು. ಮಂಡಿ ಬಗ್ಗಿಸಿದವಳು ಮತ್ತೆ ತಿರುಗಿ ನೋಡಿದಳು. ಅಭಿನಯವಲ್ಲ, ಹೆದರಿಕೆ. ನಗುವಂತಿಲ್ಲದ ಸ್ಟುಡಿಯೋದಲ್ಲಿ ದೀಪ ಹಿಡಿದವರು ಗೊಳ್ಳೆಂದು ನಕ್ಕುಬಿಟ್ಟರು. ಸದ್ದು ಹಿಡಿಯುವವನು ಕೂಗಾಡಿದ. ಆ ನಿರ್ದೇಶಕ, "ಇದನ್ನೇ ಮತ್ತೆ ಮಾಡಿ" ಎಂದ.

ಅದನ್ನೇ ಅವಳು ಆಮೇಲೆ ಜೀವಮಾನವಿಡೀ ಮಾಡಿದಳು. ಕುರ್ಚಿ, ಮಂಚ, ಬಂಡಿ, ನ್ಯಾಯಾಲಯದ ಬೆಂಚು. ಜನ ಅವಳು ನಿಂತಲ್ಲೇ ನಗಲು ಶುರುಮಾಡುತ್ತಿದ್ದರು. ಪತ್ರಿಕೆಯವರು ಒಮ್ಮೆ, "ಈ ವಿದ್ಯೆ ಎಲ್ಲಿ ಕಲಿತ್ರಿ?" ಎಂದು ಕೇಳಿದರು. "ನಮ್ಮನೇಲೇ" ಎಂದಳು.

ಅಕ್ಕನ ಮನೆಗೆ ಬರುವುದನ್ನು ಅವಳು ಬಿಡಲಿಲ್ಲ. ಮಕ್ಕಳು ಹುಟ್ಟಿದಾಗ ಬಂದಳು, ಜ್ವರ ಬಂದಾಗ ಬಂದಳು, ನಮಗೆಲ್ಲ ಬಣ್ಣದ ಪೆನ್ಸಿಲು ತಂದಳು. ಜನ ಎಂಥ ಅಕ್ಕತಂಗಿಯರು ಎನ್ನುತ್ತಿದ್ದರು. ಇಬ್ಬರೂ ಬಟ್ಟೆಯ ಬಗ್ಗೆ, ಮೊಣಕಾಲ ನೋವಿನ ಬಗ್ಗೆ ಮಾತನಾಡುತ್ತಿದ್ದರು. ಅಕ್ಕ ಹೊಲಿದುಕೊಟ್ಟ ಯಾವ ಬಟ್ಟೆಯನ್ನೂ ಬುಗುರಿ ತೊಡಲಿಲ್ಲ. ಮಡಚಿ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಅಜ್ಜಿ ಸಾಯುವ ಮುನ್ನ ಹತ್ತಿಯ ಮಾತನ್ನು ನನಗೆ ತಾನಾಗಿಯೇ ಹೇಳಿದಳು. ತಂಗಿಗೆ ಹೇಳು ಎಂದೇನೂ ಹೇಳಲಿಲ್ಲ.

ಭಾವ ಕೆಲವು ಚಿತ್ರಗಳಲ್ಲಿ ಮೆರೆದ, ಆಮೇಲೆ ಜನ ಅವನನ್ನು ಮರೆತರು. ನಗದ ಮುಖದ ಪಕ್ಕ ನಗಿಸುವವಳು ಇಲ್ಲದಿದ್ದರೆ ಅದು ಬರೀ ನಗದ ಮುಖ. ಅಜ್ಜಿ ಹೋದ ಮೇಲೆ ಅವನೂ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಬುಗುರಿ ನೋಡಲು ಬಂದಳು. ನಾನು ಮಂಚದ ಪಕ್ಕ ಕುರ್ಚಿ ಹಾಕಿದೆ. ಅವಳು ತಿರುಗಿ ನೋಡಿದಳು, ಮುಟ್ಟಿದಳು, ಮತ್ತೆ ನೋಡಿದಳು, ಕೂತಳು. ನಾನು ಆ ವಯಸ್ಸಿಗೆ ನಗುವುದನ್ನು ಬಿಟ್ಟಿದ್ದೆ.

ಅಜ್ಜ ಚಾವಣಿಯನ್ನು ನೋಡುತ್ತಿದ್ದ. ಆಮೇಲೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ, ತಣ್ಣಗೆ ಹೇಳಿದ:

"ತಪ್ಪು ನಂದೇ."

ಹೊದಿಕೆಯ ಕೆಳಗೆ ಅವನ ಪಾದಗಳಿದ್ದ ಕಡೆ ಬುಗುರಿಯ ಕಣ್ಣು ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬಾಗಿ, ಜಾರಿದ್ದ ಹೊದಿಕೆಯನ್ನು ಅವನ ಎದೆಯವರೆಗೆ ಎಳೆದು ಸರಿಮಾಡಿದಳು.

"ಈ ಮಾತು ನೀವು ಯಾವಾಗ್ಲೂ ಚೆನ್ನಾಗಿ ಹೇಳ್ತಿದ್ರಿ, ಭಾವ" ಎಂದಳು.